ಯಶೋದಾ ಮಿಸ್ ತಿದ್ದದೆ ಬಿಟ್ಟ ವಾಕ್ಯ

ಶಿವನಿ ಊರಿನ ಯಶೋದಾ ಪಿಯುಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಫೇಲಾದವರು. ಮೂರನೇ ಸಲ ಪಾಸಾಗಿ, ಆ ಹಟದಲ್ಲೇ ಮುಂದೆ ಅದನ್ನೇ ಓದಿ, ಅಜ್ಜಂಪುರದ ಹೈಸ್ಕೂಲೊಂದಕ್ಕೆ ಇಂಗ್ಲಿಷಿನ ಅತಿಥಿ ಶಿಕ್ಷಕಿಯಾದರು. ದಿನಾ ಬೆಳಿಗ್ಗೆ ರೈಲಿನಲ್ಲಿ ಬರುತ್ತಿದ್ದರು. ತಪ್ಪು ಮಾತಾಡಿದರೆ ಎಲ್ಲರೂ ನಗುತ್ತಾರೆ ಅನ್ನುವ ಭಯ ಎಂಥದ್ದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎಂಟನೇ ಕ್ಲಾಸಿನ ಭೂಮಿಕಾ ಆ ಭಯಕ್ಕೇ ಬಾಯಿ ಬಿಡುತ್ತಿರಲಿಲ್ಲ. ಎದ್ದು ಓದು ಅಂದರೆ ಕಾಲ್ಬೆರಳು ನೋಡುತ್ತ ನಿಲ್ಲುವಳು.

ಅಂಥ ಮಕ್ಕಳಿಗಾಗಿಯೇ ಯಶೋದಾ ಕಂಪ್ಯೂಟರ್ ರೂಮಿನಲ್ಲಿ ಆನ್‌ಲೈನ್ ಆಟ ಶುರುಮಾಡಿದರು. ಫಿಲಿಪ್ಪೀನ್ಸಿನ ಒಂದು ಶಾಲೆಯ ಮಕ್ಕಳೂ ಇವರೂ ಶನಿವಾರ ಒಂದೇ ಸಮಯಕ್ಕೆ ಕೂತು, ಪರದೆಯ ಮೇಲೆ ಒಟ್ಟಿಗೆ ಒಂದು ಊರು ಕಟ್ಟಬೇಕು. ಅವರಿಗೆ ಕನ್ನಡ ಬಾರದು, ಇವರಿಗೆ ಅವರ ಭಾಷೆ ಬಾರದು. ಇಂಗ್ಲಿಷಿನಲ್ಲಿ ಬರೆದರೇನೇ ಕೆಲಸ ಸಾಗುವುದು. ಅಲ್ಲಿಯ ಒಬ್ಬರು, ಇಲ್ಲಿಯ ಒಬ್ಬರು ಜೋಡಿ. ಭೂಮಿಕಾಗೆ ಸಿಕ್ಕವಳು ಲಿಗಾಯ ಅನ್ನುವ ಹುಡುಗಿ.

‘ಯು ಕಟ್ ವುಡ್. ಐ ಮೇಕ್ ಬ್ರಿಡ್ಜ್’ ಅಂತ ಶುರುವಾಗಿದ್ದು ಮೂರು ತಿಂಗಳಲ್ಲಿ ಜಗಳ, ತಮಾಷೆಗೆಲ್ಲ ಬಂತು.

“ಮಿಸ್, ಅವಳಿಗೂ ಲೆಕ್ಕ ಬರಲ್ವಂತೆ!” ಅಂತ ಒಂದಿನ ಭೂಮಿಕಾ ರೂಮಿಗೆಲ್ಲ ಕೇಳುವಂತೆ ಕೂಗಿದಳು. ಯಶೋದಾ ಹಿಂದೆ ನಿಂತು ಅವಳು ಬರೆದ ತಪ್ಪುಗಳನ್ನು ಒಂದೊಂದೇ ತಿದ್ದಿಸುತ್ತಿದ್ದರು.

ನವೆಂಬರಿನಲ್ಲಿ ಎರಡು ಶನಿವಾರ ಲಿಗಾಯ ಬರಲಿಲ್ಲ. ಮೂರನೆಯ ಶನಿವಾರ ಅಲ್ಲಿನ ಟೀಚರ್ ಯಶೋದಾಗೆ ಬರೆದರು. ಡೆಂಗ್ಯೂ ಜ್ವರ. ಐದೇ ದಿನಕ್ಕೆ ಹುಡುಗಿ ತೀರಿಕೊಂಡಿದ್ದಳು.

ಯಶೋದಾ ಭೂಮಿಕಾಳನ್ನು ವರಾಂಡಕ್ಕೆ ಕರೆದು, ಪಕ್ಕ ಕೂರಿಸಿಕೊಂಡು ಹೇಳಿದರು. ಅವಳು ಅಳಲಿಲ್ಲ. “ಅವರಮ್ಮಂಗೆ ಏನಾದ್ರೂ ಬರೀಬೇಕು ಮಿಸ್. ಏನಂತ ಬರೀಲಿ?” ಅಂದಳು.

“ಐ ಯಾಮ್ ಸಾರಿ ಅಂತ ಬರಿಯಮ್ಮ.”

ಭೂಮಿಕಾ ಗಾಬರಿಯಾದಳು. “ಯಾಕ್ ಮಿಸ್? ನಾನೇನ್ ತಪ್ ಮಾಡ್ದೆ?”

“ತಪ್ಪಲ್ಲ ಕಣೇ. ಇಂಗ್ಲಿಷಲ್ಲಿ ದುಃಖಕ್ಕೂ ಅದನ್ನೇ ಅಂತಾರೆ.”

“ಬ್ಯಾಡ ಮಿಸ್. ನಾನೇ ಏನೋ ಮಾಡ್ದೆ ಅಂತ ಅವರಮ್ಮ ಅನ್ಕೊಂಡ್ಬಿಟ್ರೆ?”

ಯಶೋದಾ ಇಷ್ಟು ವರ್ಷ ರಜಾ ಅರ್ಜಿ ಬರೆಯುವುದು, ದಾರಿ ಕೇಳುವುದು ಎಲ್ಲ ಕಲಿಸಿದ್ದರು. ಮಗಳನ್ನು ಕಳಕೊಂಡ ತಾಯಿಗೆ ಏನು ಹೇಳಬೇಕೆಂದು ಅವರಿಗೂ ಯಾರೂ ಕಲಿಸಿರಲಿಲ್ಲ.

ಭೂಮಿಕಾ ತಾನೇ ಒಳಗೆ ಹೋಗಿ ಕೂತು, ಒಂದೊಂದೇ ಅಕ್ಷರ ಒತ್ತಿದಳು: ‘ಲಿಗಾಯ ಮೈ ಫ್ರೆಂಡ್. ಬ್ರಿಡ್ಜ್ ನಾಟ್ ಫಿನಿಷ್. ಐ ನಾಟ್ ಮೇಕ್ ಅಲೋನ್.’

“ಸರಿ ಇದ್ಯಾ ಮಿಸ್?”

“ಸರಿ ಇದೆ,” ಅಂದರು ಯಶೋದಾ. ಒಂದಕ್ಷರವನ್ನೂ ತಿದ್ದದೆ ಅಲ್ಲಿನ ಟೀಚರಿಗೆ ಕಳಿಸಿದರು.

ಉತ್ತರ ಬರಲಿಲ್ಲ. ಆ ಶಾಲೆಯವರು ಮತ್ತೆ ಆಟಕ್ಕೂ ಕೂರಲಿಲ್ಲ. ವರ್ಷದ ಪರೀಕ್ಷೆಯಲ್ಲಿ ಭೂಮಿಕಾ ಇಂಗ್ಲಿಷಿಗೆ ಎಂಬತ್ತೆರಡು ತೆಗೆದಳು. ಆದರೆ ಕ್ಲಾಸಿನಲ್ಲಿ ಮೊದಲಿನಂತೆ ಮೌನವಾಗಿಬಿಟ್ಟಳು. ಯಶೋದಾ ಎಷ್ಟು ಮಾತಾಡಿಸಿದರೂ “ಹೂಂ ಮಿಸ್” ಅನ್ನುವಳು, ಅಷ್ಟೇ.

ಈಗ ಯಶೋದಾ ತರೀಕೆರೆಯ ಒಂದು ಶಾಲೆಯಲ್ಲಿದ್ದಾರೆ. ಅಲ್ಲೂ ಮಕ್ಕಳನ್ನು ಬೇರೆ ದೇಶದ ಮಕ್ಕಳ ಜೊತೆ ಆಟಕ್ಕೆ ಕೂರಿಸುತ್ತಾರೆ. ಜೋಡಿಯನ್ನು ಮಾತ್ರ ವಾರವಾರವೂ ಬದಲಾಯಿಸುತ್ತಾರೆ. “ಹೋದ್ವಾರದವಳ ಜೊತೇನೇ ಹಾಕಿ ಮಿಸ್” ಅಂತ ಮಕ್ಕಳು ಗೋಗರೆದರೂ ಕೇಳುವುದಿಲ್ಲ. ಯಾಕೆಂದು ಹೇಳುವುದೂ ಇಲ್ಲ.