ಉದ್ದ ಹೊಲಿಗೆಯ ಸಂಜೆಗಳು

ಬುಧವಾರ ಸಂಜೆಯಾಯಿತೆಂದರೆ ಟೈಲರಮ್ಮ ಕಾಲರು, ತೋಳು, ಜೇಬುಗಳನ್ನೆಲ್ಲ ಬದಿಗೆ ಸರಿಸಿ ಉದ್ದ ಹೊಲಿಗೆಯ ಕೆಲಸ ಎತ್ತಿಕೊಳ್ಳುತ್ತಿದ್ದಳು. ಪರದೆ, ಹೊದಿಕೆ, ಲಂಗದ ಅಂಚು. ಒಮ್ಮೆ ತುಳಿಯಲು ಶುರು ಮಾಡಿದರೆ ತುದಿ ಮುಟ್ಟುವ ತನಕ ನಿಲ್ಲಿಸಬೇಕಿಲ್ಲದ ಹೊಲಿಗೆ. ಯಾಕೆಂದರೆ ಆರು ಗಂಟೆಗೆ ಅವಳ ಅಂಗಡಿಗೆ ಮೇಳ ಬರುತ್ತಿತ್ತು. ಹಾಡಿನ ನಡುವೆ ತಾನು ನಿಲ್ಲುವುದು, ಮತ್ತೆ ಶುರು ಮಾಡುವುದು ಅವಳಿಗೇ ಸರಿ ಕಾಣುತ್ತಿರಲಿಲ್ಲ.

ಮೇಳವೆಂದರೆ ಮೂರೇ ಜನ. ಮೈದುನ ಗಾರೆ ಮೇಸ್ತ್ರಿ, ಡೋಲು ಅವನದು, ಯಜಮಾನಿಕೆಯೂ ಅವನದೇ. ಪಿಟೀಲು ನುಡಿಸುವವರು ರಿಟೈರಾದ ಪೋಸ್ಟ್‌ಮ್ಯಾನ್. ಹಾಡುವವಳು ಮೂಲೆಯ ಬೇಕರಿ ಅಕ್ಕ. ಅಜ್ಜಿಯರು ಕುಟ್ಟುತ್ತ ಬೀಸುತ್ತ ಹಾಡಿಕೊಳ್ಳುತ್ತಿದ್ದ ಹಾಡುಗಳನ್ನು ಆರಿಸಿ ತಂದು ಹನ್ನೊಂದು ವರ್ಷದಿಂದ ಅದೇ ಕೋಣೆಯಲ್ಲಿ ಹಾಡುತ್ತಿದ್ದರು. ಒಬ್ಬರು ಕತ್ತರಿಸುವ ಮೇಜಿನ ಮೇಲೆ, ಒಬ್ಬರು ಗಿರಾಕಿಗಳ ಬೆಂಚಿನ ಮೇಲೆ, ಮೇಸ್ತ್ರಿ ಬಟ್ಟೆ ಗಂಟಿನ ಮೇಲೆ.

ಟೈಲರಮ್ಮ ಮೇಳದವಳಲ್ಲ. ಮೊದಲ ವರ್ಷ ಆಸೆಪಟ್ಟು ತಾಳ ಹಿಡಿದಿದ್ದಳು. ಅದು ಪ್ರತಿ ಸಲ ಅರ್ಧ ಪೆಟ್ಟು ತಡವಾಗಿ ಬೀಳುತ್ತಿತ್ತು. "ಅತ್ತಿಗೇ, ನಿಮ್ಮ ಕೈಗೆ ಕತ್ತರಿನೇ ಚಂದ ಕಣ್ರೀ" ಎಂದು ಮೈದುನ ನಕ್ಕಿದ್ದ. ಅವಳೂ ನಕ್ಕಳು. ನಕ್ಕು ತಾಳವನ್ನು ಗುಂಡಿಗಳ ಡಬ್ಬದೊಳಗೆ ಹಾಕಿ ಮುಚ್ಚಿದಳು. ಆಮೇಲೆ ಮೇಳಕ್ಕೆ ಬೆನ್ನು ಮಾಡಿ ಕೂತು ಹೊಲಿಯುವುದೇ ಅವಳ ಪಾಲು. ನಿಧಾನದ ಹಾಡಾದರೆ ದಪ್ಪ ಬಟ್ಟೆ ಎತ್ತಿಕೊಳ್ಳುವಳು, ಕುಣಿತದ ಹಾಡಾದರೆ ತೆಳುವಾದದ್ದು. ಕಾಲಿಗೆ ಹಾಗೇ ಹಿತ. ಅಂಚು ಮುಗಿದಾಗ ಬಗ್ಗಿ ಹಲ್ಲಿನಿಂದ ದಾರ ಕಡಿಯುವಳು. ಹೆಚ್ಚಾಗಿ ಹಾಡೂ ಅಲ್ಲಿಗೇ ಮುಗಿದಿರುತ್ತಿತ್ತು. ಆ ಎರಡು ಗಂಟೆಯ ಸುಖಕ್ಕಾಗಿ ವಾರವಿಡೀ ಕಾಯುತ್ತಿದ್ದಳೆಂದು ಯಾರಿಗೂ ಹೇಳಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಅವಳ ಮೊಣಕಾಲು ಹಟ ಹಿಡಿಯಿತು. ತುಳಿಯುವುದು ಸಾಕೆಂದರು ಡಾಕ್ಟರು. ಮಗ, ಸೊಸೆ ಸೇರಿ ಮೆಷಿನ್ನಿಗೆ ಮೋಟಾರು ಕೂರಿಸಿದರು. ತೊಗಲಿನ ಬೆಲ್ಟು ಗೋಡೆಯ ಮೊಳೆ ಸೇರಿತು. ಈಗ ಬೆರಳಷ್ಟು ಒತ್ತಿದರೆ ಸಾಕು, ಗುಂಯ್ ಎಂದು ಮಾರುದ್ದ ಹೊಲಿಗೆ ಓಡುತ್ತಿತ್ತು. "ಅಯ್ಯೋ, ಇದು ನನ್ನನ್ನೇ ಹೊಲಿದುಬಿಡುತ್ತೆ!" ಎಂದು ಟೈಲರಮ್ಮ ಮೊದಲ ದಿನ ಕೈ ಹಿಂದಕ್ಕೆ ಎಳೆದುಕೊಂಡಿದ್ದಳು.

ಮೋಟಾರು ಬಂದ ವಾರದ ಬುಧವಾರ ಮೇಳ ಹಳಿ ತಪ್ಪಿತು. ಬೇಕರಿ ಅಕ್ಕನ ಹಾಡು ಮುಂದೆ, ಪಿಟೀಲು ಹಿಂದೆ, ಡೋಲು ಎಲ್ಲೋ ಬೇರೆ ಬೀದಿಯಲ್ಲಿ.

"ಕಾಗದ ಹಂಚಿದ ಹಾಗೆ ನಿಂತು ನಿಂತು ಬಾರಿಸ್ತೀರಲ್ಲ ಮಾರಾಯ್ರೇ!" ಎಂದ ಮೇಸ್ತ್ರಿ.

"ನಿನ್ನ ಡೋಲು ಕೇಳಿದ್ರೆ ಗೋಡೆ ಕೆಡವ್ತಿದ್ದೀಯೇನೋ ಅನ್ಸುತ್ತೆ" ಎಂದರು ಪೋಸ್ಟ್‌ಮ್ಯಾನ್.

ಮೋಟಾರಿನ ಸದ್ದೇ ಕಾರಣವಿರಬೇಕೆಂದು ಮುಂದಿನ ವಾರ ಟೈಲರಮ್ಮ ಅದನ್ನು ಆರಿಸಿ, ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತಳು. ಆಗ ಇನ್ನೂ ಕೆಟ್ಟಿತು. ಅದರ ಮುಂದಿನ ವಾರದ ಶನಿವಾರ ಹೊಸ ಗ್ರಂಥಾಲಯ ತೆರೆಯುವ ದಿನ ಇವರದೇ ಕಾರ್ಯಕ್ರಮ. ಹೀಗೆಯೇ ಆದರೆ ಊರೆದುರಿಗೆ ಮಾನ ಹೋಗುವುದು ಖಂಡಿತ.

ಮೂರನೆಯ ವಾರ ಮೇಸ್ತ್ರಿ ಡೋಲು ಕೆಳಗಿಟ್ಟ. "ಅತ್ತಿಗೇ, ಬೇಜಾರು ಮಾಡ್ಕೋಬೇಡಿ. ಈ ಜಾಗ ಯಾಕೋ ಒಗ್ತಾ ಇಲ್ಲ. ಶನಿವಾರ ಹತ್ತಿರ ಬಂತು, ನಾಳೆಯಿಂದ ದಿನಾ ಬೇಕರಿ ಹಿಂದಿನ ಹಿಟ್ಟಿನ ಕೋಣೇಲಿ ಕೂರ್ತೀವಿ."

"ಅಯ್ಯೋ, ಅದಕ್ಕೇನಂತೆ, ಕೂತ್ಕೊಳ್ಳಿ" ಎಂದಳು. ಅವರು ಹೋದ ಮೇಲೆ ಬೆಂಚನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದಳು. ತಾಳ ಹೋದಾಗ ಜಾಗವಾದರೂ ತನ್ನದೆಂದು ಸಮಾಧಾನವಿತ್ತು. ಈಗ ಅದೂ ಕೈಬಿಟ್ಟಿತ್ತು.

ಮಾರನೆಯ ದಿನ ಮಧ್ಯಾಹ್ನ ಸೊಸೆ ಎಂಟು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಮನೆಯಿಂದ ಅಂಗಡಿಗೆ ಬಂದಳು. ಕೂಸು ಅಳುತ್ತಿತ್ತು. ಸೊಸೆಯೂ ಅಳುವುದೊಂದು ಬಾಕಿ.

"ಅತ್ತೆ, ಮೂರು ವಾರದಿಂದ ಮಧ್ಯಾಹ್ನ ರೆಪ್ಪೆ ಮುಚ್ಚಿಲ್ಲ ಇವಳು. ಹಲ್ಲೂ ಅಲ್ಲ, ಹೊಟ್ಟೆನೋವೂ ಅಲ್ಲ. ನಂಗೆ ತಲೆ ಕೆಟ್ಟುಹೋಗಿದೆ."

"ಕೊಡಿಲ್ಲಿ. ನೀನು ಹೋಗಿ ಮುಖಕ್ಕೆ ನೀರು ಹಾಕ್ಕೊಂಡು ಬಾ."

ಕೂಸನ್ನು ಮಡಿಲಿಗೆ ಹಾಕಿಕೊಂಡು ಟೈಲರಮ್ಮ ಮೆಷಿನ್ನಿನ ಮುಂದೆ ಕೂತಳು. ಪಾದ ತಾನಾಗಿ ಹಳೆಯ ಪೆಡಲಿನ ಮೇಲೆ ಹೋಯಿತು. ಬೆಲ್ಟಿಲ್ಲದ್ದರಿಂದ ಸೂಜಿ ಅಲುಗಲಿಲ್ಲ, ಕೆಳಗಿನ ದೊಡ್ಡ ಗಾಲಿಯಷ್ಟೇ ಹಗುರವಾಗಿ ತಿರುಗಿತು. ಟಕ್ಕ-ಟಕ, ಟಕ್ಕ-ಟಕ. ಕೂಸು ಬಿಕ್ಕುವುದನ್ನು ನಿಲ್ಲಿಸಿ ಕೇಳಿಸಿಕೊಂಡಿತು. ಪರದೆಯ ಅಂಚೊಂದರ ಅರ್ಧ ಹೊಲಿಯುವಷ್ಟು ಹೊತ್ತಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿತ್ತು.

ಹಿಂದಿನ ದಿನ ಮರೆತ ಹಾಡಿನ ಪುಸ್ತಕ ಒಯ್ಯಲು ಬಂದ ಬೇಕರಿ ಅಕ್ಕ ಹೊಸ್ತಿಲಲ್ಲೇ ನಿಂತಳು. ಮೈದಾ ಮೆತ್ತಿದ ಕೈಯಿಂದ ಪುಸ್ತಕ ಎತ್ತಿಕೊಳ್ಳುತ್ತ ತನಗರಿವಿಲ್ಲದೆ ಗುನುಗತೊಡಗಿದಳು. ಪೂರ್ತಿ ಒಂದು ನುಡಿ ಹಾಡಿ, ಗಕ್ಕನೆ ನಿಂತಳು.

"ಏನೇ, ತುಳೀತಿದ್ದೀಯಾ?"

"ಕೂಗಬೇಡ, ಕೂಸು ಎದ್ದೀತು."

"ಅಲ್ವೇ, ಇದೇ ಕಣೇ! ಮೂರು ವಾರದಿಂದ ನಮಗಿಲ್ಲದ್ದು ಇದೇ!" ಪಿಸುಗುಟ್ಟುತ್ತಲೇ ಕಿರುಚಿದಳು. "ನಾವು ಮೇಸ್ತ್ರಿ ಡೋಲು ಹಿಡ್ಕೊಂಡು ಹಾಡ್ತಿರಲಿಲ್ಲ. ನಿನ್ನ ಕಾಲು ಹಿಡ್ಕೊಂಡು ಹಾಡ್ತಿದ್ವಿ!"

ಸಂಜೆ ಮೇಸ್ತ್ರಿಯನ್ನು, ಪೋಸ್ಟ್‌ಮ್ಯಾನನ್ನು ಎಳೆದು ತಂದದ್ದೂ ಅವಳೇ. ಟೈಲರಮ್ಮ ತುಳಿದಳು, ಮೂವರೂ ಮೊದಲ ಹಾಡನ್ನು ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಮುಗಿಸಿದರು. ಪೋಸ್ಟ್‌ಮ್ಯಾನ್ ಕನ್ನಡಕ ತೆಗೆದು ಒರೆಸಿಕೊಂಡರು. ಮೇಸ್ತ್ರಿ ಡೋಲಿನತ್ತ ಒಮ್ಮೆ, ಅತ್ತಿಗೆಯ ಕಾಲಿನತ್ತ ಒಮ್ಮೆ ನೋಡಿದ.

"ಹನ್ನೊಂದು ವರ್ಷದಿಂದ ಮೇಳ ನಡೆಸ್ತಿರೋದು ನಾನು ಅಂದ್ಕೊಂಡಿದ್ನಲ್ರೀ ಅತ್ತಿಗೆ!"

"ನಡೆಸಿದ್ದು ನೀನೇ ಕಣಪ್ಪ" ಎಂದಳು ಟೈಲರಮ್ಮ. "ನಾನು ತುಳಿದೆ, ಅಷ್ಟೇ."

"ಶನಿವಾರ ನೀವೂ ವೇದಿಕೆ ಹತ್ತಬೇಕು."

"ನಾನಾ? ನನ್ನ ಕೈಗೆ ಕತ್ತರಿನೇ ಚಂದ ಅಂದೋರು ಯಾರಪ್ಪ?"

ಮೇಸ್ತ್ರಿ ಕಿವಿ ಕೆರೆದುಕೊಂಡ. "ಕೈಗೆ ಅಂದಿದ್ದೆ. ಕಾಲಿನ ವಿಷಯ ಎತ್ತಿರಲಿಲ್ಲ."

ಎಲ್ಲರೂ ನಗುವಾಗ ಸೊಸೆ ನಡುವೆ ಬಂದಳು. "ನಾಲ್ಕು ಹಾಡು, ಜಾಸ್ತಿ ಇಲ್ಲ. ಬೆಲ್ಟ್ ಹಾಕೋ ಹಾಗಿಲ್ಲ. ನಡುನಡುವೆ ಕಾಲು ಚಾಚಿ ಕೂರಬೇಕು. ಒಪ್ಪಿದ್ರೆ ಮಾತ್ರ ಕಳಿಸ್ತೀನಿ." ಡಾಕ್ಟರೂ ಇಷ್ಟು ಗಡುಸಾಗಿ ಹೇಳಿರಲಿಲ್ಲ.

ಶನಿವಾರ ಮೆಷಿನ್ನಿನ ತಲೆಯನ್ನು ಅಂಗಡಿಯಲ್ಲೇ ಬಿಟ್ಟು, ಮೇಸ್ತ್ರಿ ತಾನೇ ಅದರ ಕಬ್ಬಿಣದ ಕಾಲನ್ನು ಹಲಗೆ ಸಮೇತ ಹೆಗಲ ಮೇಲೆ ಹೊತ್ತು ನಡೆದ. ದಾರಿಯಲ್ಲಿ ಕೇಳಿದವರಿಗೆಲ್ಲ "ವಾದ್ಯ ಸ್ವಾಮಿ, ದಾರಿ ಬಿಡಿ" ಎಂದ. ವೇದಿಕೆಯ ಮೇಲೆ ಟೈಲರಮ್ಮನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಚೀಲದಿಂದ ಯಾರದೋ ಪರದೆಯೊಂದನ್ನು ತೆಗೆದು ಮೆಷಿನ್ನಿನ ಹಲಗೆಯ ಮೇಲೆ ಹರವಿಕೊಂಡಳು. ಆಗ ಜೀವಕ್ಕೆ ಸಮಾಧಾನವಾಯಿತು. ಈ ಸಲ ಬೆನ್ನು ಮಾಡಿ ಕೂರಲಿಲ್ಲ.

ಮೂರು ಹಾಡು ಹೇಗೆ ಮುಗಿದವೋ ಅವಳಿಗೆ ಗೊತ್ತಾಗಲಿಲ್ಲ. ನಾಲ್ಕನೆಯದು ಕುಣಿತದ ಹಾಡು. ಜನ ಕುರ್ಚಿಯಲ್ಲೇ ಕಾಲು ಕುಟ್ಟುತ್ತಿದ್ದರು. ಮುಂದಿನ ಸಾಲಿನಲ್ಲಿ ಸೊಸೆಯ ಹೆಗಲ ಮೇಲೆ ಕೂಸು ಮಾತ್ರ ಗಾಢ ನಿದ್ದೆಯಲ್ಲಿತ್ತು. ಪರದೆಯ ಅಂಚು ಬೆರಳಡಿ ಸರಿದು ಸರಿದು ತುದಿಗೆ ಬಂತು. ಸೂಜಿಯಿಲ್ಲ, ದಾರವಿಲ್ಲ, ಆದರೂ ಟೈಲರಮ್ಮ ಅಭ್ಯಾಸದಂತೆ ಬಗ್ಗಿ ಇಲ್ಲದ ದಾರವನ್ನು ಹಲ್ಲಿನಿಂದ ಕಡಿದಳು.

ಹಾಡು, ಪಿಟೀಲು, ಡೋಲು ಮೂರೂ ಒಟ್ಟಿಗೆ ಆ ಕ್ಷಣಕ್ಕೇ ನಿಂತವು.