ಸರ್ ಹಾಕಿಸಿದ ನೆಲ

ವಾಮಂಜೂರಿನಲ್ಲಿ ನಮ್ಮ ಮನೆಯ ಪಕ್ಕದ ಗದ್ದೆ ಈಗ ಗದ್ದೆಯಲ್ಲ. ಅಲ್ಲೊಂದು ಮನೆ ಎದ್ದಿದೆ. ಹೋದ ವಾರ ಅದರ ಅಂಗಳಕ್ಕೆ ಕಾಂಕ್ರೀಟ್ ಹಾಕಿದರು. ಮಾರನೆಯ ಬೆಳಿಗ್ಗೆ ಮೇಸ್ತ್ರಿ ಪೈಪು ಹಿಡಿದು ನೀರುಣಿಸುತ್ತಿದ್ದಾಗ ಅದರ ವಾಸನೆ ಕಂಪೌಂಡ್ ದಾಟಿ ಬಂತು. ಹೊಸ ಸಿಮೆಂಟಿಗೆ ತಣ್ಣೀರು ಬಿದ್ದಾಗ ಬರುವ, ಸ್ವಲ್ಪ ಸುಣ್ಣದ, ಸ್ವಲ್ಪ ಮಣ್ಣಿನ ವಾಸನೆ. ಹಲ್ಲುಜ್ಜುತ್ತ ನಿಂತಿದ್ದವನು ಬ್ರಷ್ ಬಾಯಲ್ಲಿಟ್ಟುಕೊಂಡು ಹಾಗೆಯೇ ನಿಂತುಬಿಟ್ಟೆ. ಹೆಂಡತಿ ಒಳಗಿನಿಂದ ಕರೆದದ್ದೂ ಕೇಳಿಸಲಿಲ್ಲ.

ನೆನಪಾದದ್ದು ನಮ್ಮ ಬಾಸ್ಕೆಟ್‌ಬಾಲ್ ಸರ್. ಅವರು ತೀರಿಕೊಂಡ ಸುದ್ದಿ ಮಳೆಗಾಲಕ್ಕೆ ಮೊದಲೇ ಬಂದಿತ್ತು. ಹಳೆಯ ತಂಡದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು, ನಾನೂ ಹಾಕಿದೆ. ಆಮೇಲೆ ಯಾರೋ ಒಂದು ಜೋಕ್ ಕಳಿಸಿದರು...

ಹನ್ನೆರಡೋ ಹದಿಮೂರೋ ವರ್ಷದ ಹಿಂದಿನ ಮಾತು. ಮಂಗಳೂರು ನಗರದ ಒಂದು ಸಾಧಾರಣ ಕಾಲೇಜಿನ ಪುರುಷರ ತಂಡ ನಮ್ಮದು. ಸರ್ ಹೊಳೆಯಾಚೆ ಬೆಂಗರೆಯ ಮೀನುಗಾರರ ಮನೆಯವರು. ಉದ್ದ ಆಳು, ಸ್ವಲ್ಪ ಬಾಗಿದ ಬೆನ್ನು, ಕಡಲಿಗೆ ಎದುರು ನಿಂತು ಕೂಗಿ ಬೆಳೆದ ಗಂಟಲು. ಕಾಲೇಜಿನಲ್ಲಿ ಅವರದು ಖಾಯಂ ಕೆಲಸವಾಗಿರಲಿಲ್ಲ. ಬಾಸ್ಕೆಟ್‌ಬಾಲಿಗೆಂದೇ ಇಟ್ಟುಕೊಂಡು ವರ್ಷ ವರ್ಷವೂ ಮುಂದುವರಿಸುತ್ತಿದ್ದರು. ತಂಡ ಇದ್ದರೆ ಸರ್ ಉಂಟು, ತಂಡ ಇಲ್ಲದಿದ್ದರೆ ಸರ್ ಇಲ್ಲ. ಅದು ನಮಗೂ ಗೊತ್ತಿತ್ತು, ಅವರಿಗಂತೂ ಗೊತ್ತಿತ್ತು.

ರಿಂಗಿಗೆ ಕಟ್ಟುವ ಬಲೆಯನ್ನು ಅವರು ಅಂಗಡಿಯಿಂದ ತಂದವರಲ್ಲ. ಮೀನಿನ ಬಲೆಯ ಹುರಿಯಲ್ಲಿ ತಾವೇ ಹೆಣೆಯುತ್ತಿದ್ದರು. ನಾವು ಓಡುವುದು ನಿಧಾನವಾದರೆ, "ಎಂತ ಮಾರಾಯ, ಅದು ಬಂಗುಡೆ ತಿಂದು ಬೆಳೆದ ಕಾಲಾ, ಬಸಳೆ ತಿಂದು ಬೆಳೆದದ್ದಾ?" ಎಂದು ಕೂಗುತ್ತಿದ್ದರು. ತಂಡದಲ್ಲಿದ್ದ ಒಬ್ಬ ಸಸ್ಯಾಹಾರಿ ಹುಡುಗ ಮೊದಲು ಬೇಜಾರು ಮಾಡಿಕೊಂಡ. ಆಮೇಲೆ ಎಲ್ಲರಿಗಿಂತ ಜೋರಾಗಿ ಓಡತೊಡಗಿದ.

ನಮ್ಮ ಕೋರ್ಟಿನ ನೆಲ ಹಳೆಯದು. ಮಳೆ ಬಿಟ್ಟ ಮೇಲೂ ನಡುವೆ ನೀರು ನಿಲ್ಲುತ್ತಿತ್ತು, ಪಾಚಿ ಕಟ್ಟುತ್ತಿತ್ತು. ವರ್ಷಕ್ಕೆ ಒಬ್ಬಿಬ್ಬರ ಕಾಲು ಉಳುಕುವುದು ಖಂಡಿತ. ಹೊಸ ನೆಲ ಹಾಕಿಸಿ ಕೊಡಿ ಎಂದು ಸರ್ ಕೇಳದ ವರ್ಷವಿಲ್ಲ. ಆ ವರ್ಷ ಆಡಳಿತದವರು ಕಡೆಗೂ ಒಪ್ಪಿದರು. ಒಪ್ಪುವಾಗ ಯಾರೋ ನಗುತ್ತ ಕೇಳಿದರಂತೆ, ನೆಲ ಮಾಡಿಸಿದರೆ ಕಪ್ ತರ್ತೀರಾ ಮಾಸ್ಟ್ರೇ ಎಂದು. ಸರ್ ಸಂತೋಷದ ಭರದಲ್ಲಿದ್ದರು. ಹಿಂದಿನ ವರ್ಷ ನಾವು ಒಂದು ಟೂರ್ನಮೆಂಟಿನ ಫೈನಲ್ ತನಕ ಹೋಗಿ ಸ್ವಲ್ಪದರಲ್ಲಿ ಸೋತಿದ್ದೆವು, ಅದೇ ಹುಡುಗರು ಇನ್ನೂ ಇದ್ದೆವು. "ಈ ಸೀಸನ್ನಿನಲ್ಲಿ ಒಂದು ಕಪ್ ತರದಿದ್ದರೆ ತಂಡವನ್ನೇ ಮುಚ್ಚಿಬಿಡಿ" ಎಂದು ಹೇಳಿ ಬಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ನಕ್ಕು ಹೇಳಿದ್ದನ್ನು ಆಡಳಿತದವರು ನಗದೆ ನೆನಪಿಟ್ಟುಕೊಂಡರು.

ಬೇಸಿಗೆ ರಜೆಯಲ್ಲಿ ಕೆಲಸವಾಯಿತು. ಹಳೆಯ ನೆಲವನ್ನು ಕೀಳಲಿಲ್ಲ, ಅದರ ಮೇಲೆಯೇ ಹೊಸ ಕಾಂಕ್ರೀಟ್ ಹೊದಿಸಿದರು. ಸರ್ ದಿನವಿಡೀ ಅಲ್ಲೇ ನಿಂತರು. ಮಂಗಳೂರಿನವರಿಗೆ ನೆಲ ಎಂದರೆ ಒಂದೇ ಯೋಚನೆ, ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದು. ಸರ್ ಇಳಿಜಾರು ನೋಡಿದರು, ಚರಂಡಿ ನೋಡಿದರು, ಬಕೆಟ್ಟಿನಲ್ಲಿ ನೀರು ಚೆಲ್ಲಿ ಅದರ ಹಿಂದೆಯೇ ನಡೆದುಹೋಗಿ ನೋಡಿದರು. ನೀರುಣಿಸುವ ಕ್ಯೂರಿಂಗಿಗೆ ಮೇಸ್ತ್ರಿಯನ್ನು ನಂಬದೆ ಬೆಳಬೆಳಿಗ್ಗೆ ಬೆಂಗರೆಯಿಂದ ಫೆರಿ ಹತ್ತಿ ಬಂದು ತಾವೇ ಪೈಪು ಹಿಡಿದರು. ನಾವು ಪ್ರಾಕ್ಟೀಸಿಗೆ ಬಂದಾಗ ಆ ವಾಸನೆ ಇನ್ನೂ ಇತ್ತು. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಕೋರ್ಟಿನಲ್ಲಿ ಒಂದು ಲೋಟ ನೀರೂ ನಿಲ್ಲಲಿಲ್ಲ. ಸರ್ ಕೊಡೆ ಮಡಚಿ ನೆನೆಯುತ್ತ ನಿಂತು ನೋಡಿದರು.

ಇನ್ನೊಂದು ಸಂತೋಷವೂ ಆಯಿತು. ನಮ್ಮ ತಂಡದಲ್ಲಿ ಎಲ್ಲರಿಗಿಂತ ಎತ್ತರದವನೊಬ್ಬನಿದ್ದ, ಅವನು ಆಡುವ ಜಾಗದ ಹೆಸರಿನಿಂದ ಸೆಂಟರ್ ಎಂದೇ ಕರೆಯುತ್ತಿದ್ದೆವು. ಹಿಂದಿನ ವರ್ಷ ಎಷ್ಟು ಹಾರಿದರೂ ಅವನಿಗೆ ರಿಂಗು ಬರೀ ಬೆರಳ ತುದಿಗೆ ತಾಗುತ್ತಿತ್ತು. ಈ ಸಲ ಹಾರಿ ಹಿಡಿದು ನೇತಾಡಿಯೇಬಿಟ್ಟ. ರಜೆಯಲ್ಲಿ ಮೈ ಬೆಳೆಸಿದ್ದಾನೆ ಎಂದು ನಾವು ಬೆನ್ನು ತಟ್ಟಿದೆವು. ಸರ್ ಮಾತ್ರ, "ಹೊಸ ನೆಲದ ಗುಣ ಮಾರಾಯ" ಎಂದರು.

ಸೀಸನ್ ಶುರುವಾಯಿತು. ಟೂರ್ನಮೆಂಟುಗಳೆಲ್ಲ ದೊಡ್ಡ ಕಾಲೇಜುಗಳ ಕೋರ್ಟಿನಲ್ಲಿ. ನಮ್ಮಲ್ಲಿಗೆ ಆಡಲು ಯಾರೂ ಬರುತ್ತಿರಲಿಲ್ಲ, ನಾವೇ ಹೋಗಬೇಕು. ಹೋದೆವು, ಸೋತೆವು. ಮೊದಲ ಸುತ್ತಿನಲ್ಲೇ ಸೋತೆವು. ಮತ್ತೊಂದಕ್ಕೆ ಹೋದೆವು, ಅಲ್ಲೂ ಅದೇ. ಆಟದಲ್ಲಿ ಹಿಂದೆ ಬಿದ್ದಿರಲಿಲ್ಲ, ಚೆಂಡು ನಮ್ಮ ಕೈಯಲ್ಲೇ ಇರುತ್ತಿತ್ತು. ಎಸೆದರೆ ಮಾತ್ರ ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್ಸು. ಪ್ರಾಕ್ಟೀಸಿನಲ್ಲಿ ಕಣ್ಣು ಮುಚ್ಚಿ ಹಾಕುವ ಚೆಂಡು ಅಲ್ಲಿ ಹೋಗಿ ಬೀಳುತ್ತಲೇ ಇರಲಿಲ್ಲ.

ಕಾಲಿನಲ್ಲಿ ಬಲವಿಲ್ಲ ಎಂದು ಸರ್ ನಮ್ಮನ್ನು ಬಲ್ಮಠದ ಏರಿನಲ್ಲಿ ಓಡಿಸಿದರು. ಕುಚ್ಚಲಕ್ಕಿ ಗಂಜಿ ಹೊಟ್ಟೆ ತುಂಬ ಕುಡಿಯಿರಿ ಎಂದರು, ಒಂದು ವಾರದ ಮೇಲೆ ಗಂಜಿ ಕುಡಿಯಬೇಡಿ ಎಂದರು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕಾಲೇಜಿನಲ್ಲಿ ನಮ್ಮನ್ನು ಕಂಡರೆ ಹುಡುಗಿಯರು ಕೂಡ ಕನಿಕರದಿಂದ ನೋಡತೊಡಗಿದರು. ಅವರು ನಕ್ಕಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆಗ ಸೆಂಟರಿನ ಅಮ್ಮ ದೋಷ ಏನೆಂದು ಪ್ರಶ್ನೆ ಇಡಿಸಲು ಜೋಯಿಸರ ಹತ್ತಿರ ಹೋದರು. ನಮ್ಮ ಕಡೆ ಹಾಗೆಯೇ, ದನ ಹಾಲು ಕೊಡದಿದ್ದರೂ ಪ್ರಶ್ನೆ, ಮಗ ಚೆಂಡು ಹಾಕದಿದ್ದರೂ ಪ್ರಶ್ನೆ. ಜೋಯಿಸರು ಕವಡೆ ಸರಿಸಿ, ಆ ಜಾಗದಲ್ಲಿ ಹಿಂದೆ ನಾಗನ ಸಂಚಾರ ಇತ್ತು, ಕೇಳದೆ ಮುಚ್ಚಿದ್ದೀರಿ ಎಂದರಂತೆ. ಸರ್ ಇಂಥದ್ದನ್ನು ಹೆಚ್ಚು ನಂಬುವವರಲ್ಲ. ಆದರೂ, "ಹೇಳಿದ್ದನ್ನು ಮಾಡುವ. ನಷ್ಟ ಎಂತ ಉಂಟು?" ಎಂದರು. ಕೋರ್ಟಿನ ಮೂಲೆಯಲ್ಲಿ ಹಾಲು ಎರೆದೆವು, ಎಳನೀರು ಎರೆದೆವು. ತಂಡದ ಕ್ರಿಶ್ಚಿಯನ್ ಹುಡುಗನೂ ಬ್ಯಾರಿ ಮುಸ್ಲಿಂ ಹುಡುಗನೂ ನಮ್ಮ ಜೊತೆ ತಲೆ ತಗ್ಗಿಸಿ ನಿಂತರು. ಒಬ್ಬರಿಗೆ ಮಾಡಿ ಇನ್ನೊಬ್ಬರಿಗೆ ಬಿಡುವುದು ಬೇಡ ಎಂದು ಆ ಸಂಜೆಯೇ ಬಿಕರ್ನಕಟ್ಟೆಯ ಇಗರ್ಜಿಗೆ ಹೋಗಿ ಬಾಲ ಯೇಸುವಿಗೂ ಮೇಣದ ಬತ್ತಿ ಹಚ್ಚಿದೆವು. ಮರುದಿನ ಹಾಲಿನ ಜಾಗದಲ್ಲಿ ಇರುವೆ ಮುತ್ತಿ ಅರ್ಧ ಕೋರ್ಟಿನಲ್ಲಿ ಆಡಲಾಗಲಿಲ್ಲ. ಎಲ್ಲ ದೇವರನ್ನೂ ಕೇಳಿದೆವು, ಒಂದು ಅಳತೆಯ ಟೇಪನ್ನು ಮಾತ್ರ ಕೇಳಲಿಲ್ಲ.

ಕಡೆಯ ಟೂರ್ನಮೆಂಟ್ ಬಲ್ಮಠದ ಒಂದು ಕಾಲೇಜಿನಲ್ಲಿ. ಎದುರಾಳಿಗಳು ಹಿಂದಿನ ವರ್ಷ ನಾವು ಸುಲಭವಾಗಿ ಹೊಡೆದವರು. ಪಂದ್ಯಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುವಾಗ ಸೆಂಟರ್ ತನ್ನ ಹೊಸ ವಿದ್ಯೆ ತೋರಿಸಲು ಹಾರಿದ. ಬೆರಳು ರಿಂಗನ್ನು ಬರೀ ಸವರಿತು. ಗ್ಯಾಲರಿಯಲ್ಲಿ ಯಾರೋ ನಕ್ಕರು. ಇನ್ನೊಮ್ಮೆ ಹಾರಿದ, ಮತ್ತೆ ಅಷ್ಟೇ. ಬೆಂಚಿನ ಮೇಲೆ ಕೂತಿದ್ದ ಸರ್ ಮೆಲ್ಲಗೆ ಎದ್ದು ನಿಂತರು. "ಪುನಃ ಹಾರು" ಎಂದರು. ಅವನು ಹಾರಿದ. ಸರ್ ರಿಂಗನ್ನು ನೋಡಿದರು, ನೆಲವನ್ನು ನೋಡಿದರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ. ಏಕೆಂದು ಗೊತ್ತಾಗಲಿಲ್ಲ.

ಅವರು ನಮಗೆ ಹೇಳಿದ್ದು ಇಷ್ಟೇ, "ಇವತ್ತು ಎಲ್ಲರೂ ಸ್ವಲ್ಪ ಮೇಲೆ ಎಸೆಯಿರಿ." ಎಸೆದೆವು. ಆದರೆ ಇಡೀ ಮಳೆಗಾಲ ಒಂದು ಎತ್ತರಕ್ಕೆ ಪಳಗಿದ ಕೈ ಹೇಳಿದ ಮಾತು ಕೇಳುತ್ತದೆಯೇ? ಮೇಲೆ ಎಸೆದರೆ ಬೋರ್ಡಿಗೆ ಬಡಿಯಿತು, ಮರೆತರೆ ಅಂಚಿಗೆ ಬಡಿಯಿತು. ಒಂದೇ ಒಂದು ಬಾಸ್ಕೆಟ್ಟಿನಿಂದ ಸೋತೆವು. ನಾನು ಅಲ್ಲೇ ಕೂತು ಅತ್ತೆ. ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು...

ನಮ್ಮ ಕಾಲೇಜಿಗೆ ವಾಪಸ್ಸು ಬರುವ ದಾರಿಯಲ್ಲಿ ಅವರು ಹಾರ್ಡ್‌ವೇರ್ ಅಂಗಡಿಯಿಂದ ಟೇಪು ತಂದರು. ಬೆಳಕು ಇನ್ನೂ ಇತ್ತು. ಏಣಿ ಇಟ್ಟು ಹತ್ತಿದರು, ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿಯಲು ನನಗೆ ಹೇಳಿದರು. ರಿಂಗು ನೆಲದಿಂದ ಹತ್ತು ಅಡಿ ಇರಬೇಕು, ಅದು ಚೆಂಡು ಮುಟ್ಟಿದ ಪ್ರತಿಯೊಬ್ಬನಿಗೂ ಗೊತ್ತಿರುವ ವಿಷಯ. ಸರ್ ಟೇಪನ್ನು ನೋಡಿದರು, ಅದರ ಮೇಲೆ ತಮ್ಮ ಬೆರಳುಗಳನ್ನು ಜೋಡಿಸಿ ಇಟ್ಟರು. ನಾಲ್ಕು ಬೆರಳು ತಗ್ಗು. ನೆಲ ಮೇಲೆ ಬಂದಿತ್ತು, ಕಂಬ ಇದ್ದಲ್ಲೇ ಇತ್ತು. ಇನ್ನೊಂದು ಬದಿಯ ರಿಂಗೂ ಹಾಗೆಯೇ. ಅವರು ಏಣಿಯ ಮೇಲೆಯೇ ತುಂಬ ಹೊತ್ತು ನಿಂತಿದ್ದರು.

ಆಡಳಿತದವರ ಬಳಿ ಹೋಗಿ ಹೇಳಿದರು. ಇನ್ನೊಂದು ವರ್ಷ ಕೊಡಿ, ಕಂಬ ಎತ್ತರಿಸಿ ಕೊಡಿ ಎಂದು ಕೇಳಿದರು. ಅಲ್ಲಿದ್ದ ಹಿರಿಯರೊಬ್ಬರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು. ಅವರೇ ಮತ್ತೆ ಕೇಳಿದರು, ನೆಲ ಹಾಕಿಸುವಾಗ ದಿನವಿಡೀ ನಿಂತದ್ದು ಯಾರು ಮಾಸ್ಟ್ರೇ? ಆ ವರ್ಷಕ್ಕೆ ತಂಡ ಮುಗಿಯಿತು, ಅವರ ಕೆಲಸವೂ ಮುಗಿಯಿತು. ಕೋರ್ಟಿನಲ್ಲಿ ಬೈಕು ನಿಲ್ಲಿಸತೊಡಗಿದರು. ನೀರು ನಿಲ್ಲದ ಒಳ್ಳೆಯ ಜಾಗವಲ್ಲವೇ.

ಆಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಒಬ್ಬೊಬ್ಬ ಹುಡುಗನ ಮನೆಗೂ ಹೋದರು. ನಮ್ಮ ಮನೆಗೆ ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿಳಿದು ಬಂದರು, ಇಸ್ತ್ರಿ ಮಾಡಿದ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನನ್ನ ಅಪ್ಪ ಗಲ್ಫಿನಿಂದ ಬಂದು ಉಳಿದ ತುಂಡು ಗದ್ದೆ ನೋಡಿಕೊಂಡಿದ್ದವರು. ಕಾಲೇಜಿನ ಮಾಸ್ಟ್ರು ಮನೆಗೆ ಬಂದರೆ ಮಗ ಏನೋ ಎಡವಟ್ಟು ಮಾಡಿದ್ದಾನೆ ಎಂದೇ ಅವರ ಲೆಕ್ಕ. ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು.

"ನಿಮ್ಮ ಮಗ ಆಟದಲ್ಲಿ ಕಡಿಮೆ ಅಲ್ಲ," ಸರ್ ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು. "ರಿಂಗ್ ತಗ್ಗಿತ್ತು. ನಾನು ನೋಡಲಿಲ್ಲ. ಅದನ್ನು ಹೇಳಿ ಹೋಗುವ ಅಂತ ಬಂದದ್ದು."

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. "ಪರೀಕ್ಷೆಯಲ್ಲಿ ಪಾಸ್ ಆಗಿದ್ದಾನಲ್ಲ?"

"ಆಗಿದ್ದಾನೆ."

"ಮತ್ತೆ ಎಂತ ತೊಂದರೆ ಮಾಸ್ಟ್ರೇ? ಚಾ ಕುಡಿಯಿರಿ."

ಸರ್ ಚಾ ಕುಡಿದರು. ನಾನು ಬಸ್ ಸ್ಟಾಪಿನ ತನಕ ಜೊತೆಗೆ ಹೋದೆ. ಅಲ್ಲಿ, "ನಿನ್ನ ಅಪ್ಪನಿಗೆ ಅರ್ಥ ಆಗಲಿಲ್ಲ ಅಲ್ಲ?" ಎಂದು ಕೇಳಿದರು. ನಾನು ಹೇಳ್ತೇನೆ ಸರ್ ಎಂದೆ. ಬಸ್ಸು ಬಂತು, ಅವರು ಇನ್ನೊಬ್ಬನ ಮನೆಗೆ ಹೋದರು.

ಬೇರೆ ಕಾಲೇಜಿನವರು ಅವರನ್ನು ತೆಗೆದುಕೊಳ್ಳಲಿಲ್ಲ. ರಿಂಗಿನ ಕಥೆ ಅಷ್ಟರಲ್ಲಿ ಎಲ್ಲರ ಬಾಯಲ್ಲಿ ನಗೆಯ ಮಾತಾಗಿತ್ತು. ಮೀನಿನ ಬೋಟು ಬಂದು ನಿಲ್ಲುವ ಧಕ್ಕೆಯಲ್ಲಿ ತಮ್ಮನ ಐಸ್ ಪ್ಲಾಂಟಿಗೆ ಸೇರಿದರು. ನಾನು ಮೀನು ಕೊಳ್ಳಲು ಹೋದಾಗ ಕೆಲವು ಸಲ ಸಿಕ್ಕಿದ್ದುಂಟು, ಗಂಬೂಟು ಹಾಕಿಕೊಂಡು ಐಸಿನ ಗಡ್ಡೆಗಳ ನಡುವೆ ನಿಂತಿರುತ್ತಿದ್ದರು. ಚೆನ್ನಾಗಿದ್ದೀಯಾ ಎಂದು ಕೇಳುತ್ತಿದ್ದರು, ತಾಜಾ ಮೀನು ಯಾರ ಹತ್ತಿರ ಉಂಟು ಎಂದು ತೋರಿಸುತ್ತಿದ್ದರು. ಆಟದ ಮಾತು ಎತ್ತುತ್ತಿರಲಿಲ್ಲ. ಒಮ್ಮೆ ನಾನೇ ಎತ್ತಿದೆ. ಅವರು ಐಸ್ ಪುಡಿ ಮಾಡುವ ಮೆಷಿನ್ ಚಾಲೂ ಮಾಡಿದರು. ಆ ಸದ್ದಿನಲ್ಲಿ ಮಾತು ಕೇಳುವ ಹಾಗಿರಲಿಲ್ಲ...

ಮೊನ್ನೆ ಭಾನುವಾರ ಫೆರಿ ಹತ್ತಿ ಬೆಂಗರೆಗೆ ಹೋದೆ. ಸರ್ ಇರುವ ತನಕ ಹೋಗದ ಮನೆಗೆ ಈಗ ದಾರಿ ಕೇಳಿಕೊಂಡು ಹೋದೆ. ಅವರ ಹೆಂಡತಿ ಬಾಗಿಲು ತೆರೆದರು. ನಾನು ಆ ತಂಡದವನು ಎಂದು ತಿಳಿದ ಕೂಡಲೇ ಕೂರಿಸಿ, ಒಬ್ಬೊಬ್ಬನ ಸುದ್ದಿಯನ್ನೂ ಕೇಳಿದರು. ಎಲ್ಲರ ಹೆಸರೂ ಅವರಿಗೆ ಬಾಯಿಪಾಠ. ನಾನು ಹೇಳಿದೆ. ಸೆಂಟರ್ ದುಬೈಯಲ್ಲಿದ್ದಾನೆ, ಒಬ್ಬ ಬ್ಯಾಂಕಿನಲ್ಲಿದ್ದಾನೆ, ಸಸ್ಯಾಹಾರಿ ಹುಡುಗನದು ದೊಡ್ಡ ಹೋಟೆಲು, ನನ್ನದು ಬಲ್ಮಠದಲ್ಲಿ ಆಫೀಸು.

"ಎಲ್ಲರೂ ಸೌಖ್ಯ ಇದ್ದಾರಾ?"

"ಇದ್ದಾರೆ ಅಕ್ಕ."

"ನನ್ನಿಂದ ಆ ಮಕ್ಕಳ ಬಾಳು ಹಾಳಾಯಿತು ಅಂತ ಇವರು ಆಸ್ಪತ್ರೆಯಲ್ಲಿ ಸಹ ಹೇಳ್ತಾ ಇದ್ರು."

"ಛೆ, ಹಾಗೆ ಎಂತದ್ದೂ ಇಲ್ಲ ಅಕ್ಕ. ನಮಗೆ ಎಂತದ್ದೂ ಆಗಲಿಲ್ಲ," ಎಂದೆ.

ಅವರು ನನ್ನನ್ನು ನೋಡಿದರು. ಬಾಗಿಲಲ್ಲಿ ಕಳಚಿಟ್ಟ ನನ್ನ ಶೂಸನ್ನು, ಕೈಗಡಿಯಾರವನ್ನು ನೋಡಿದರು.

"ಹಾಗಾದರೆ ಆ ವರ್ಷ ಸೋತದ್ದು ಇವರು ಒಬ್ಬರೇ," ಎಂದರು.

ಸಮಾಧಾನಕ್ಕೆಂದು ಆಡಿದ ಮಾತು ನನ್ನದು. ಆದರೆ ಅದು ನಿಜವೂ ಆಗಿತ್ತು. ನಮಗೆ ನಿಜವಾಗಿಯೂ ಎಂತದ್ದೂ ಆಗಿರಲಿಲ್ಲ.