ಲಿಂಬೆಹಣ್ಣು ತೆಗೆದ ಜಾಗ

ಅಮರಗೋಳದ ಮಾರುಕಟ್ಟೆಯಲ್ಲಿ ದುಡಿಯುವ ಗಂಡಸರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಅವರು ಏನನ್ನೂ ಚಿಲ್ಲರೆಯಲ್ಲಿ ಕೊಳ್ಳಲಾರರು. ನನ್ನ ಗಂಡ ಅಲ್ಲೊಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಇಬ್ಬರೇ ಇದ್ದ ನಮ್ಮ ಮನೆಗೆ ಉಳ್ಳಾಗಡ್ಡಿ ಬಂದರೆ ಚೀಲ, ಬೆಲ್ಲ ಬಂದರೆ ಇಡೀ ಪೆಂಟೆ. ಅರ್ಧ ಕೊಳೆತು ಹೋಗುತ್ತಿತ್ತು, ಉಳಿದರ್ಧ ನಾನು ಬೈಯುತ್ತಾ ಹಂಚುತ್ತಿದ್ದೆ. ಅಂಥ ಮನುಷ್ಯ ನನಗೆ ಮಕ್ಕಳಾಗಲೆಂದು ಬರೆದುಕೊಟ್ಟ ಇಂಜೆಕ್ಷನ್ನುಗಳನ್ನೂ ಹಾಗೆಯೇ ತಂದರು.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಗುಳಿಗೆ, ಹರಕೆ, ಸೋಮವಾರದ ಉಪವಾಸ ಎಲ್ಲ ಮುಗಿದಿತ್ತು. ಹುಬ್ಬಳ್ಳಿಯ ಡಾಕ್ಟರಬಾಯಿ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು: ಹತ್ತು ದಿನ ದಿನಕ್ಕೊಂದು ಇಂಜೆಕ್ಷನ್, ತತ್ತಿಗಳು ಬೆಳೆದ ಮೇಲೆ ಹೊರಗೆ ತೆಗೆಯುವುದು, ಗಾಜಿನ ತಟ್ಟೆಯಲ್ಲಿ ಕೂಡಿಸಿ ಮತ್ತೆ ಒಳಗಿಡುವುದು. ಖರ್ಚು ಕೇಳಿ ನನ್ನ ಗಂಡ ಕೊರಳಪಟ್ಟಿಯ ಗುಂಡಿ ಬಿಚ್ಚಿದರು. ತವರಿನವರು ಹಾಕಿದ್ದ ನಾಲ್ಕು ಬಂಗಾರದ ಪಾಟ್ಲಿ ಬಳೆ ಮಾರಿದೆವು. ಎರಡು ಆಸ್ಪತ್ರೆಗೆ, ಎರಡು ಔಷಧಿಗೆ. ಮಾರಲು ಇನ್ನೇನೂ ಉಳಿದಿರಲಿಲ್ಲ. ಆಗುವುದಿದ್ದರೆ ಇದೊಂದೇ ಸಲ ಆಗಬೇಕು, ಇಲ್ಲದಿದ್ದರೆ ಇಲ್ಲ. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

ಔಷಧಿ ಅಂಗಡಿಯಲ್ಲಿ ಇವರ ಚಟ ಎದ್ದು ನಿಂತಿತು.

"ಹತ್ತೂ ಕೂಡೇ ತಗೊಂಡ್ರ ಏನ್ ಬಿಡ್ತೀರಿ?"

"ದಿನಾ ಒಂದೊಂದ ಒಯ್ರಿ ಸಾಹೇಬ್ರ, ನಮ್ಮಲ್ಲಿ ಫ್ರಿಜ್ಜಿನ್ಯಾಗ ಇರ್ತಾವು" ಎಂದ ಅಂಗಡಿಯವನು.

ಇವರು ಕೇಳಲಿಲ್ಲ. ಅರ್ಧ ತಾಸು ಚೌಕಾಸಿ ಮಾಡಿ, ಹತ್ತು ಸಣ್ಣ ಬಾಟಲಿಗಳನ್ನು ಥರ್ಮಾಸಿನಲ್ಲಿ ಬರ್ಫದ ಜೊತೆ ತುಂಬಿಕೊಂಡು, ಗೆದ್ದವರಂತೆ ಸ್ಕೂಟರಿನಲ್ಲಿ ಬಂದರು. ಬೈರಿದೇವರಕೊಪ್ಪದ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ನಾನು ಕೇಳಿದೆ:

"ಛಲೋ ಆತ್ರಿ. ಇಡೂದೆಲ್ಲಿ? ನಿಮ್ಮ ತಲಿ ಮ್ಯಾಲೇನು?"

ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ.

ಇದ್ದದ್ದು ಮುಂದಿನ ಮನೆಯಲ್ಲಿ, ಮಾಲೀಕರ ಹೆಂಡತಿಯ ಬಳಿ. ಅವರನ್ನು ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು. ಮೂರು ಹೊತ್ತು ವಿಭೂತಿ ಹಚ್ಚುವ, ಲಿಂಗಪೂಜೆ ಆಗದೆ ಗುಟುಕು ನೀರೂ ಕುಡಿಯದ ಹೆಂಗಸು. ಮನೆ ಬಾಡಿಗೆಗೆ ಕೊಡುವಾಗಲೇ, ತತ್ತಿ ಒಳಗೆ ಬರಬಾರದೆಂದು ಮೊದಲ ಷರತ್ತು ಹಾಕಿದ್ದರು. ಮನಸ್ಸು ಒಳ್ಳೆಯದು, ಬಾಯಿ ಮಾತ್ರ ಡಂಗುರ. ಅವರಿಗೆ ಬೆಳಿಗ್ಗೆ ಗೊತ್ತಾದದ್ದು ಮಧ್ಯಾಹ್ನಕ್ಕೆ ಉಣಕಲ್ಲಿನವರೆಗೂ ತಲುಪುತ್ತಿತ್ತು. ಮಕ್ಕಳಾಗದವಳೆಂದು ಬಸುರಿಯರಿಗೆ ಕುಬಸ ಮಾಡುವ ಮನೆಗಳಲ್ಲಿ ನನ್ನನ್ನು ಹಿಂದಿನ ಸಾಲಿಗೆ ಸರಿಸುತ್ತಿದ್ದರು. ಅದರ ಮೇಲೆ ಇದೂ ಊರಿಗೆಲ್ಲ ತಿಳಿಯುವುದು ನನಗೆ ಬೇಕಿರಲಿಲ್ಲ.

"ಏನ್ ಔಷಧರಿ ಇದು?" ಎಂದು ಕಾಕು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಇವರು, "ಆಕಿಗೆ ಸಕ್ಕರಿ ಕಾಯಿಲೆ ಬಂದೈತ್ರಿ ಕಾಕು" ಅಂದುಬಿಟ್ಟರು.

ಮನೆಗೆ ಬಂದ ಮೇಲೆ ಕೂಗಾಡಿದೆ. ಬಂಜೆ ಅನ್ನಿಸಿಕೊಂಡದ್ದು ಸಾಲದೆಂದು ಮೂವತ್ತಮೂರಕ್ಕೇ ರೋಗಿಷ್ಟಳನ್ನೂ ಮಾಡಿದ್ದರಲ್ಲ! ಆದರೆ ಆಡಿದ ಮಾತು ಆಗಿಹೋಗಿತ್ತು.

ಕಾಕುವಿನ ಫ್ರಿಜ್ಜಿನ ಬಾಗಿಲಿಗೆ ಒಂದು ತಟ್ಟೆ, ಅದರಲ್ಲಿ ಹನ್ನೆರಡು ಗುಂಡನೆಯ ಕುಳಿ. ತತ್ತಿ ಇಡಲೆಂದು ಕಂಪನಿಯವರು ಮಾಡಿದ್ದು. ಕಾಕು ಅಲ್ಲಿ ಲಿಂಬೆಹಣ್ಣು ಇಡುತ್ತಿದ್ದರು. ಹಣ್ಣುಗಳನ್ನು ಕೆಳಗಿನ ಬುಟ್ಟಿಗೆ ಹಾಕಿ, ನನ್ನ ಹತ್ತು ಬಾಟಲಿಗಳನ್ನು ಒಂದೊಂದಾಗಿ ಆ ಕುಳಿಗಳಲ್ಲಿ ನಿಲ್ಲಿಸಿದರು. ಬಾಗಿಲು ಹಾಕುವ ಮೊದಲು ಕಣ್ಣುಮುಚ್ಚಿ ಕೈ ಮುಗಿದರು. ಎದೆಗೆ ಚುಚ್ಚಿದಂತಾಯಿತು.

ಮರುದಿನದಿಂದ ನನ್ನ ಚಹಾದ ಸಕ್ಕರೆ ಹೋಯಿತು. ಓಣಿಗೆಲ್ಲ ಹೋಳಿಗೆ ಹಂಚಿದ ದಿನ ನನಗೆ ಬಂದದ್ದು ಹಾಗಲಕಾಯಿ ಪಲ್ಯ. ಶುಕ್ರವಾರ ಉಡಿ ತುಂಬುವಾಗ ಅಕ್ಕಿ, ಕುಬಸ, ಅರಿಶಿನಬೇರು ಎಲ್ಲ ಇಟ್ಟು, ಬೆಲ್ಲದ ತುಂಡನ್ನು ಮಾತ್ರ ಹೊರಗೆ ತೆಗೆದಿಟ್ಟು, "ನೀ ಆರಾಮಾದ ಮ್ಯಾಲೆ ಒಂದಕ್ಕ ಎರಡ ಇಡ್ತೀನವಾ" ಎಂದರು. ನಗು ಬಂತು, ಅಳುವೂ ಬಂತು.

ದಿನಾ ಸಂಜೆ ಆರಕ್ಕೆ ಬಾಟಲಿ ತೆಗೆದುಕೊಂಡು ಪಕ್ಕದ ಓಣಿಯ ನರ್ಸಮ್ಮನ ಮನೆಗೆ ಹೋಗಿ ಚುಚ್ಚಿಸಿಕೊಂಡು ಬರುತ್ತಿದ್ದೆ. ಹೊತ್ತು ತಪ್ಪಬಾರದೆಂದು ಡಾಕ್ಟರಬಾಯಿ ಕಟ್ಟುನಿಟ್ಟಾಗಿ ಹೇಳಿದ್ದರು. ಐದೂವರೆಯಿಂದಲೇ ಗಡಿಯಾರದ ಮುಂದೆ ನಿಂತಿರುತ್ತಿದ್ದೆ. ಐದು ದಿನ ಸರಿಯಾಗಿ ನಡೆಯಿತು. ಆರನೆಯ ದಿನ ನಾನು ಒಳಗೆ ಹೋಗುವ ಮೊದಲೇ ಕಾಕು ಬಾಗಿಲಲ್ಲಿ ಬಾಟಲಿ ಹಿಡಿದು ನಿಂತಿದ್ದರು.

"ಹಿಡಿಯವಾ, ಎಷ್ಟ್ ತಣ್ಣಗ ಐತಿ ನೋಡು."

ಹೌದು, ಬಹಳ ತಣ್ಣಗಿತ್ತು. ಈಕೆಗೆ ಎಷ್ಟು ಕಾಳಜಿ ಅಂದುಕೊಂಡು ಚುಚ್ಚಿಸಿಕೊಂಡು ಬಂದೆ.

ಏಳನೆಯ ದಿನ ಕಾಕು ಪೂಜೆಗೆ ಕೂತಿದ್ದರು. ನಾನೇ ಫ್ರಿಜ್ ತೆರೆದೆ. ಕುಳಿಗಳು ಖಾಲಿ. ಕೆಳಗೆ ಹುಡುಕಿದೆ, ಮೊಸರಿನ ಗಡಿಗೆ ಸರಿಸಿ ಹುಡುಕಿದೆ. ಕಡೆಗೆ ಮೇಲಿನ ಬರ್ಫದ ಪೆಟ್ಟಿಗೆ ತೆರೆದರೆ, ನಾಲ್ಕೂ ಬಾಟಲಿಗಳು ಅಲ್ಲಿ ಬರ್ಫಕ್ಕೆ ಅಂಟಿಕೊಂಡು ಮಲಗಿದ್ದವು. ಒಳಗಿನ ಔಷಧಿ ಬೆಳ್ಳಗೆ ಕಲ್ಲಾಗಿತ್ತು.

ಪೂಜೆ ಮುಗಿಯುವವರೆಗೂ ಕಾಯಲಿಲ್ಲ. "ಕಾಕೂ!" ಎಂದು ಕೂಗಿದೆ. ಅವರು ಅಂಗೈಯ ಲಿಂಗವನ್ನು ಎದೆಗವಚಿಕೊಂಡು ಎದ್ದು ಬಂದರು.

"ಇದನ್ನ್ಯಾರ ಇಲ್ಲಿಟ್ಟವ್ರು?"

"ನಾನ ಇಟ್ಟೇನಿ. ಮೊನ್ನಿಂದ ಕರೆಂಟ್ ಆರಾರ ತಾಸ ಹೊಕ್ಕೈತಿ. ಬಾಗಲದಾಗ ಇದ್ರ ಕೆಡ್ತಾವ ಅಂತ ಮ್ಯಾಲಿಟ್ಟೆ. ನಿನ್ನೆ ನಳದ ಕೆಳಗ ಹಿಡದು ಕರಗಿಸಿ ಕೊಟ್ಟೆ. ಯಾಕವಾ?"

ನಿನ್ನೆಯದೂ ಹಾಗಾದರೆ! ನನ್ನ ಮೈಯೊಳಗೆ ಆಗಲೇ ಹೋಗಿದ್ದ ನಿನ್ನೆಯ ಔಷಧಿಯೂ! ಡಾಕ್ಟರಬಾಯಿ ಸಾರಿ ಸಾರಿ ಹೇಳಿದ್ದರು, ತಂಪಿರಬೇಕು, ಹೆಪ್ಪುಗಟ್ಟಬಾರದು ಎಂದು. ನಾನು ಅದನ್ನು ಕಾಕುವಿಗೆ ಹೇಳಿರಲಿಲ್ಲ. ಹೇಳಿದರೆ ನಾಲ್ಕು ಪ್ರಶ್ನೆ ಬರುತ್ತವೆಂದು ಹೇಳಿರಲಿಲ್ಲ.

"ನನಗ ಸಕ್ಕರಿನೂ ಇಲ್ಲ, ಬೆಲ್ಲಾನೂ ಇಲ್ಲ!" ಎಂದು ಚೀರಿದೆ. "ಇದು ಮಕ್ಕಳಾಗೂದಕ್ಕ! ಪಾಟ್ಲಿ ಮಾರಿ ತಂದೀನಿ. ಎಲ್ಲಾ ಹಾಳ ಮಾಡಿಬಿಟ್ರಿ!"

ಕಾಕುವಿನ ಮುಖದ ವಿಭೂತಿ ಉಳಿದು ಬಣ್ಣವೆಲ್ಲ ಇಳಿದುಹೋಯಿತು. ಫೋನಿನ ಹತ್ತಿರ ಹೋಗಿ, ಆಸ್ಪತ್ರೆಯ ನಂಬರ್ ಕೇಳಿ, ತಾವೇ ತಿರುವಿ ನನ್ನ ಕೈಗೆ ಕೊಟ್ಟರು.

"ಹೆಪ್ಪಗಟ್ಟಿದ್ದು ಬ್ಯಾಡ, ಚೆಲ್ರಿ" ಎಂದರು ಡಾಕ್ಟರಬಾಯಿ. "ಆರಕ್ಕ ಆಗಲಿಲ್ಲಂದ್ರ ಎಂಟರೊಳಗರೆ ಆಗಬೇಕು. ಹೊಸಾದು ತರ್ರಿ."

ಇವರು ಅಮರಗೋಳದಲ್ಲಿದ್ದರು. ಮನೆಯಲ್ಲಿದ್ದದ್ದು ಆ ತಿಂಗಳ ಬಾಡಿಗೆಯ ದುಡ್ಡು ಮಾತ್ರ.

"ಬಾಡಗಿ ರೊಕ್ಕಾ ಐತಿಲ್ಲ? ಅದನ್ನ ತಗೋ" ಎಂದರು ಕಾಕು. "ನಡಿ ಲಗೂ."

ಆಟೋದಲ್ಲಿ ಥರ್ಮಾಸನ್ನು ಮಡಿಲಲ್ಲಿಟ್ಟುಕೊಂಡು ಕಾಕು ನನ್ನ ಪಕ್ಕದಲ್ಲಿ ಕೂತರು. ಉಣಕಲ್ಲಿನ ಹತ್ತಿರ ಲಾರಿಗಳ ಸಾಲು ನಿಂತುಬಿಟ್ಟಿತ್ತು. ಆಟೋದವನ ಗಡಿಯಾರದಲ್ಲಿ ಆರೂಮುಕ್ಕಾಲು. ಕಾಕು ಕೆಳಗಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಾರಿಯವರಿಗೆ ಬಾಯಿಗೆ ಬಂದಂತೆ ಬೈದು ದಾರಿ ಮಾಡಿಸಿದರು. ಅವರ ಬಾಯಿ ನನಗೆ ಉಪಕಾರಕ್ಕೆ ಬಂದದ್ದು ಅವತ್ತೊಂದು ದಿನ. ಅಂಗಡಿಯಲ್ಲಿ ಬಾಡಿಗೆಯ ದುಡ್ಡಿಗೆ ಒಂದೇ ಬಾಟಲಿ ಬಂತು. ನರ್ಸಮ್ಮ ಚುಚ್ಚುವಾಗ ಎಂಟಕ್ಕೆ ಏಳು ನಿಮಿಷ ಇತ್ತು. ಕಾಕು ಗೋಡೆಗೆ ಆತು ಬಾಯಲ್ಲಿ ಮಂತ್ರ ಮಣಮಣ ಹೇಳುತ್ತಿದ್ದರು.

ಉಳಿದ ಮೂರಕ್ಕೆ ಇವರು ಧಣಿಯ ಮುಂದೆ ಕೈಚಾಚಿದರು. ದಿನಾ ಒಂದೊಂದೇ ತಂದರು, ಚೌಕಾಸಿ ಮಾಡದೆ, ತಲೆ ತಗ್ಗಿಸಿಕೊಂಡು. ಬೈಯಬೇಕೆಂದು ನಾನು ಕೂಡಿಟ್ಟಿದ್ದ ಮಾತುಗಳು ಅವರ ಮುಖ ನೋಡಿ ಒಳಗೇ ಉಳಿದವು. ಕಾಕು ಆಶ್ಚರ್ಯವೆಂಬಂತೆ ಓಣಿಯಲ್ಲಿ ಯಾರಿಗೂ ತುಟಿ ಪಿಟಕ್ಕೆನ್ನಲಿಲ್ಲ. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಉಡಿ ತುಂಬಿ, ಮುಷ್ಟಿಯಷ್ಟು ಬೆಲ್ಲ ಇಟ್ಟರು.

ಸಿಕ್ಕದ್ದು ಮೂರು ತತ್ತಿ. ಕೂಡಿದ್ದು ಎರಡು. ಎರಡನ್ನೂ ಒಳಗಿಟ್ಟರು. ಹದಿನಾಲ್ಕು ದಿನ ಕೊಡ ಎತ್ತಲಿಲ್ಲ, ಜೋರಾಗಿ ಕೆಮ್ಮಲೂ ಹೆದರಿದೆ. ಹದಿನೈದನೆಯ ದಿನ ರಕ್ತದ ವರದಿ ಬಂತು. ಗರ್ಭ ನಿಂತಿರಲಿಲ್ಲ.

ಆಟೋ ಇಳಿದಾಗ ಕಾಕು ಗೇಟಿನಲ್ಲೇ ಇದ್ದರು. ನನ್ನ ಮುಖ ನೋಡಿದರೆ ಸಾಕಿತ್ತು. ಒಳಗೆ ಕರೆದೊಯ್ದು ಕೂಡಿಸಿ, ನಾನು ಅತ್ತು ಮುಗಿಸುವವರೆಗೂ ಬೆನ್ನ ಮೇಲೆ ಕೈಯಿಟ್ಟಿದ್ದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು:

"ಖರೇ ಹೇಳವಾ. ಆ ಒಂದ ಬಾಟ್ಲಿ... ನನ್ನಿಂದ ಆತೇನು?"

"ಇಲ್ರಿ ಕಾಕು. ಡಾಕ್ಟರಬಾಯಿನ್ನ ಕೇಳೇನಿ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲಂದ್ರು."

ನಾನು ಕೇಳಿರಲಿಲ್ಲ. ಹೌದು ಎಂದುಬಿಟ್ಟರೆ ಆ ಸಿಟ್ಟನ್ನು ಯಾರ ಮೇಲೆ ಹಾಕಲಿ ಎಂದು ಹೆದರಿ ಕೇಳಿರಲಿಲ್ಲ. ಹತ್ತು ಬಾಟಲಿ ಒಟ್ಟಿಗೆ ಕೊಂಡವರ ಮೇಲೆಯೋ, ಪ್ರೀತಿಯಿಂದ ಮೇಲಿಟ್ಟವರ ಮೇಲೆಯೋ, ಬಾಯಿ ಮುಚ್ಚಿಕೊಂಡಿದ್ದ ನನ್ನ ಮೇಲೆಯೋ?

ಮತ್ತೊಮ್ಮೆ ಮಾಡಿಸುವ ಶಕ್ತಿ ಬರಲಿಲ್ಲ. ಮಕ್ಕಳಾಗಲಿಲ್ಲ. ಐದು ವರ್ಷದ ಮೇಲೆ ಆ ಮನೆ ಬಿಟ್ಟು ಧಾರವಾಡದ ಕೆಲಗೇರಿಗೆ ಹೊರಟೆವು. ಹೇಳಿಹೋಗಲೆಂದು ಕಾಕುವಿನ ಮನೆಗೆ ಹೋದೆ. ಉಡಿ ತುಂಬಲು ಎಲ್ಲ ತಂದಿಟ್ಟು, "ಹಂಗ ಹೋಗಬ್ಯಾಡ, ಬಿಸಲಾಗ ಶರಬತ್ ಕುಡದು ಹೋಗು, ಲಿಂಬಿಹಣ್ಣ ತಗೊಂಡ ಬಾ" ಎಂದರು.

ಫ್ರಿಜ್ ತೆರೆದೆ. ಬಾಗಿಲಿನ ತಟ್ಟೆಯ ಹನ್ನೆರಡೂ ಕುಳಿಗಳು ತೊಳೆದು ಒರೆಸಿ ಖಾಲಿ ಇದ್ದವು. ಲಿಂಬೆಹಣ್ಣುಗಳು ಇನ್ನೂ ಕೆಳಗಿನ ಬುಟ್ಟಿಯಲ್ಲೇ ಇದ್ದವು. ಆ ಬಾಟಲಿಗೂ ಇದಕ್ಕೂ ಸಂಬಂಧವಿಲ್ಲವೆಂಬ ನನ್ನ ಮಾತನ್ನು ಕಾಕು ಒಂದು ದಿನವೂ ನಂಬಿರಲಿಲ್ಲ.

"ಸಿಕ್ಕೂವೇನವಾ?" ಎಂದು ಒಳಗಿನಿಂದ ಕೇಳಿದರು.

"ಸಿಕ್ಕೂವ್ರಿ" ಎಂದು ಎರಡು ಹಣ್ಣು ತೆಗೆದುಕೊಂಡು ಬಾಗಿಲು ಹಾಕಿದೆ.